ಅರಿಗರು ಅಹಂಕಾರ ಬಿಟ್ಟ ದಿನ

ಮೂಡುಬಿದಿರೆಯ ಜೈನಪೇಟೆಯಲ್ಲಿ ಸನತ್‌ಕುಮಾರ ಅರಿಗರಷ್ಟು ವಿನಯವಂತರು ಇನ್ನೊಬ್ಬರಿಲ್ಲ ಎಂಬ ಸಂಗತಿ ಪೇಟೆಗೆ ಗೊತ್ತಾದದ್ದು ಅರಿಗರ ಬಾಯಿಂದಲೇ. ದಶಲಕ್ಷಣ ಪರ್ವದ ಎರಡನೆಯ ದಿನ ಬಸದಿಯಲ್ಲಿ ಪರವೂರಿನ ಪಂಡಿತರೊಬ್ಬರು ಮಾರ್ದವ ಧರ್ಮದ ಬಗ್ಗೆ ಮಾತಾಡಿ, ಅಹಂಕಾರ ಬಿಡದವನಿಗೆ ಮೋಕ್ಷವಿಲ್ಲ ಎಂದಿದ್ದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅರಿಗರು (ಹಿಂದಿನ ಸಾಲಿನಲ್ಲಿ ಅವರನ್ನು ಕಂಡವರಿಲ್ಲ) ಅಲ್ಲಿಯೇ ನಿಶ್ಚಯಿಸಿದರು. ಪರ್ವ ಮುಗಿದ ಮರುದಿನ ಎಲ್ಲರೂ ಒಬ್ಬರಿಗೊಬ್ಬರು ಕೈಮುಗಿದು ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುವುದು ಪದ್ಧತಿಯಷ್ಟೆ. ಆ ದಿನ ತಾವು ತೋಡಾರಿಗೆ ಹೋಗಿ ಭಾವಮೈದುನ ಅಜಿತಕುಮಾರನ ಮುಂದೆ ತಲೆಬಾಗುವುದು.

ಅಜಿತಕುಮಾರನೆಂದರೆ ಹೆಂಡತಿ ಅನಂತಮತಿಯ ತಮ್ಮ, ತೋಡಾರಿನ ಅವಳ ತವರುಮನೆಯ ಯಜಮಾನ. ಆರು ವರ್ಷದ ಹಿಂದೆ ಅಲ್ಲಿಯ ಮದುವೆಯಲ್ಲಿ ಅರಿಗರಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಲಿಲ್ಲ, ಎರಡನೆಯದಕ್ಕೆ ಕರೆದರು. ಅರಿಗರು ಉಣ್ಣದೆ ಎದ್ದು ಬಂದರು. ಬರುವಾಗ ಉಣ್ಣುತ್ತಿದ್ದ ಹೆಂಡತಿಯನ್ನೂ ಎಬ್ಬಿಸಿಕೊಂಡು ಬಂದರು. ಅಂದಿನಿಂದ ತೋಡಾರಿನ ಹೆಸರು ಈ ಮನೆಯಲ್ಲಿ ನಿಷಿದ್ಧ. ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ಅಲ್ಲಿ ಕಣ್ಣು ಮಂಜಾದ ತಾಯಿ ಮಗಳನ್ನು ಕೇಳಿ ಕೇಳಿ ಸುಮ್ಮನಾಗಿದ್ದಳು. ಒಬ್ಬ ಗಂಡಸಿನ ಬಾಳೆಎಲೆಗೆ ಇಬ್ಬರು ಹೆಂಗಸರು ತೆತ್ತ ಬೆಲೆ ಅದು.

ಆದ್ದರಿಂದ ಗಂಡ ಅಹಂಕಾರ ವಿಸರ್ಜನೆಯ ಮಹಾಸಂಕಲ್ಪವನ್ನು ಘೋಷಿಸಿದಾಗ ಅನಂತಮತಿ ಒಂದು ಮಾತೂ ಆಡಲಿಲ್ಲ. ಆಡಿದರೆ ಎಲ್ಲಿ ಮನಸ್ಸು ಬದಲಾದೀತೋ ಎಂಬ ಹೆದರಿಕೆ. ಅಮ್ಮನಿಗೆ ಇಷ್ಟವೆಂದು ಎಳ್ಳುಂಡೆ ಕಟ್ಟಿ, ಒಳ್ಳೆಯ ಸೀರೆ ಉಟ್ಟು, ಆ ದಿನ ಬೆಳಗ್ಗಿನಿಂದಲೇ ಗಂಟು ಪಕ್ಕದಲ್ಲಿಟ್ಟುಕೊಂಡು ಕುಳಿತಳು.

ಅರಿಗರಿಗೆ ಮಾತ್ರ ಅವಸರವಿಲ್ಲ. ಮೊದಲು ಪೇಟೆಯ ಅಂಗಡಿ ಅಂಗಡಿಗೆ ಹೋಗಿ, ತಾವೇ ಮೊದಲು ತಲೆಬಾಗಲಿರುವ ವಿಷಯ ತಿಳಿಸಿ ಬಂದರು. ಆಮೇಲೆ ಕನ್ನಡಿಯ ಮುಂದೆ ನಿಂತು ಪಶ್ಚಾತ್ತಾಪದ ಮುಖವನ್ನು ಅಭ್ಯಾಸ ಮಾಡಿದರು. ತಲೆ ಹೆಚ್ಚು ಬಾಗಿದರೆ ಜರಿಯ ರುಮಾಲು ಜಾರುತ್ತದೆ. ಕಡಿಮೆ ಬಾಗಿದರೆ ವಿನಯ ಕಾಣುವುದಿಲ್ಲ. ಎರಡಕ್ಕೂ ಹೊಂದುವ ಕೋನ ಸಿಗುವಷ್ಟರಲ್ಲಿ ಮಧ್ಯಾಹ್ನದ ಬಸ್ಸೂ ಹೋಗಿತ್ತು.

ಅಂತೂ ಹೊರಟು ಚಾವಡಿಗೆ ಬಂದರೆ ಅಂಗಳದಲ್ಲಿ ಅಜಿತಕುಮಾರ ನಿಂತಿದ್ದಾನೆ. ಮಾರ್ದವ ಧರ್ಮ ತೋಡಾರಿಗೂ ತಲುಪಿತ್ತು.

"ಭಾವ, ತಪ್ಪು ನನ್ನದು," ಎಂದು ಅವನು ಕೈಮುಗಿದ.

ಅನಂತಮತಿಯ ಕಣ್ಣು ತುಂಬಿತು. ಅರಿಗರ ಹೊಟ್ಟೆ ಉರಿಯಿತು. ಪೇಟೆಗೆಲ್ಲ ಹೇಳಿಯಾಗಿದೆ, ಈಗ ಇವನು ಮೊದಲು ಕೇಳಿಬಿಟ್ಟನಲ್ಲ! ತಪ್ಪು ತಮ್ಮದೇ ಎಂದು ಅರಿಗರು ಹಟ ಹಿಡಿದರು. ಅಲ್ಲ, ತನ್ನದೇ ಎಂದು ಅವನು. ಅಷ್ಟು ಸಣ್ಣ ವಿಷಯಕ್ಕೆ ಎದ್ದು ಬಂದ ತಾವೇ ದೊಡ್ಡ ಪಾಪಿ ಎಂದರು ಅರಿಗರು. ತನ್ನ ಪಾಪವನ್ನು ಸಣ್ಣದೆಂದದ್ದು ಅಜಿತಕುಮಾರನಿಗೆ ನಾಟಿತು.

"ಸಣ್ಣ ವಿಷಯ ಅಲ್ಲ ಭಾವ. ನಿಮ್ಮನ್ನು ಎರಡನೇ ಪಂಕ್ತಿಗೆ ಹಾಕಿದ್ದು ನಾನು ಬೇಕೆಂದೇ."

ಅರಿಗರ ತಲೆಯ ಕೋನ ತಪ್ಪಿತು. "ಬೇಕೆಂದೇ? ಆಗಲಿ. ಆದರೂ ಕ್ಷಮಿಸಿದ್ದೇನೆ, ಹೋಗು."

"ನೀವು ಕ್ಷಮಿಸುವುದು ಎಂಥದು ಮಾರಾಯರೇ? ನಾನು ನಿಮ್ಮನ್ನು ಆವತ್ತೇ ಕ್ಷಮಿಸಿ ಆಗಿದೆ."

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಯಾರ ತಪ್ಪು ದೊಡ್ಡದು ಎಂದು ಶುರುವಾದದ್ದು ಯಾರ ಮನೆತನ ದೊಡ್ಡದು ಎಂಬಲ್ಲಿಗೆ ಬಂದು ಮುಟ್ಟಿತು. ಇನ್ನು ಜನ್ಮದಲ್ಲಿ ಈ ಮೆಟ್ಟಿಲು ತುಳಿಯುವುದಿಲ್ಲ ಎಂದು ಹೇಳಿ ಅಜಿತಕುಮಾರ ಬಸ್ಸಿನ ಕಡೆಗೆ ನಡೆದ.

ಅನಂತಮತಿ ಗಂಟು ಎತ್ತಿಕೊಂಡಳು. ಎಲ್ಲಿಗೆ ಎಂದು ಅರಿಗರು ಗದರಿದರು.

"ಅಮ್ಮನಲ್ಲಿಗೆ. ತಪ್ಪು ಯಾರದೆಂದು ನೀವಿಬ್ಬರು ತೀರ್ಮಾನ ಮಾಡುವಷ್ಟರಲ್ಲಿ ಅಮ್ಮ ಇರುವುದಿಲ್ಲ."

ಮೆಟ್ಟಿಲಿಳಿದವಳು ತಿರುಗಿ ನಿಂತು, ಪದ್ಧತಿ ಬಿಡಬಾರದೆಂದು ಕೈಮುಗಿದಳು. "ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ," ಎಂದಳು. ತಾವು ಅವಳಲ್ಲಿಯೂ ಕ್ಷಮೆ ಕೇಳಬೇಕಾದದ್ದುಂಟು ಎಂಬುದು ಅರಿಗರಿಗೆ ಆಗಲೂ ಹೊಳೆಯಲಿಲ್ಲ.

ಹೊಳೆದದ್ದು ಬೇರೆಯೇ. ಜೈನರಿಗೆ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ, ಹೊತ್ತು ಆಗಲೇ ಇಳಿದಿತ್ತು. ಕೋನ ಹುಡುಕುವ ಭರದಲ್ಲಿ ಮಧ್ಯಾಹ್ನದ ಊಟವೂ ತಪ್ಪಿತ್ತು. ಅಡುಗೆಮನೆಗೆ ಹೋಗಿ ನೋಡಿದರೆ ಒಲೆ ತಣ್ಣಗಾಗಿತ್ತು, ಅಕ್ಕಿ ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಕೇಳಬಹುದಿತ್ತು. ಆದರೆ ಅರಿಗರು ಕೇಳುವುದೇ!

ಅಂಗಳದಲ್ಲಿ ಹೆಜ್ಜೆಯ ಸದ್ದಾಯಿತು. ಹೆಂಡತಿ ಎದ್ದುಹೋದದ್ದು ಮುಖದಲ್ಲಿ ಕಾಣಬಾರದೆಂದು ಅರಿಗರು ಥಟ್ಟನೆ ಚಾವಡಿಯಲ್ಲಿ ಪದ್ಮಾಸನ ಹಾಕಿ ಕಣ್ಣು ಮುಚ್ಚಿದರು. ಬಂದವಳು ಪಕ್ಕದ ಮನೆಯ ಪದ್ಮಲತಾ.

"ಇವತ್ತು ಉಪವಾಸವಾ ಅಣ್ಣ?" ಎಂದು ಭಕ್ತಿಯಿಂದ ಕೇಳಿದಳು.

ಅರಿಗರು ಕಣ್ಣು ತೆರೆಯದೆ ಗಂಭೀರವಾಗಿ ತಲೆಯಾಡಿಸಿದರು. ಆಡಿಸಿದ ಮೇಲೆ ಹೆಸರುಕಾಳಿನ ಗಸಿಯ ಪರಿಮಳ ಮೂಗಿಗೆ ಬಡಿಯಿತು.

"ಅನಂತಮತಿಯಕ್ಕ ಬಸ್ಸಿಗೆ ಹೋಗುವಾಗ ಹೇಳಿದ್ದರು, ಕತ್ತಲಾಗುವ ಮೊದಲು ನಿಮಗೆ ಊಟ ಕೊಡಲಿಕ್ಕೆ. ವ್ರತ ಉಂಟೆಂದು ಅವರಿಗೆ ಗೊತ್ತಿರಲಿಲ್ಲವೋ ಏನೋ," ಎಂದು ಪದ್ಮಲತಾ ದೂರದಿಂದಲೇ ನಮಸ್ಕರಿಸಿ, ಮುಚ್ಚಿದ ಪಾತ್ರೆಯನ್ನು ಎತ್ತಿಕೊಂಡು ಹೊರಟಳು.

ಅರಿಗರು ಒಂದು ಕಣ್ಣು ತೆರೆದು ನೋಡುವಾಗ ಪಾತ್ರೆ ಅಂಗಳ ದಾಟಿತ್ತು. ಕರೆಯಬೇಕೆಂದು ಬಾಯಿ ತೆರೆದರು. ಆಗ ಸೂರ್ಯ ಮುಳುಗಿದ.