ಜಗಳೂರಿಗೆ ಎಷ್ಟು ಮಾತ್ರೆ ಬೇಕು?

ಈ ಪ್ರಸಂಗ ನಿಜವಾಗಿ ಹೇಗೆ ನಡೆಯಿತೆಂದು ನನಗೆ ಖಚಿತವಾಗಿ ಗೊತ್ತಿಲ್ಲ. ಗೊತ್ತಿದೆ ಎಂದು ಮೊನ್ನೆಮೊನ್ನೆಯವರೆಗೂ ಅಂದುಕೊಂಡಿದ್ದೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ನಾನು. ಯಾವ ಅಂಕಿಯನ್ನೂ ಸುಮ್ಮನೆ ನಂಬಬಾರದೆಂದು ಎರಡು ವರ್ಷ ಕಲಿಸಿದರು. ಸ್ವಂತ ನೆನಪನ್ನೂ ನಂಬಬಾರದೆಂದು ಯಾರೂ ಹೇಳಿಕೊಡಲಿಲ್ಲ. ಅಥವಾ ಹೇಳಿಕೊಟ್ಟ ದಿನ ನಾನು ಕ್ಲಾಸಿಗೆ ಹೋಗಿರಲಿಲ್ಲವೋ ಏನೋ, ಅದೂ ನೆನಪಿಲ್ಲ. ಹಾಲಿನವನು ಅಳೆದು ಹೋದ ಹಾಲನ್ನು ನಾನು ಇನ್ನೊಮ್ಮೆ ಅಳೆಯುತ್ತೇನೆ. ಹೆಂಡತಿ ಸಾರಿಗೆ ಉಪ್ಪು ಹಾಕಿದ್ದೇನೆಂದರೆ ರುಚಿ ನೋಡಿ, "ಹೌದು, ಹಾಕಿದ್ದೀಯ" ಎನ್ನುತ್ತೇನೆ. "ನಾನು ಇವರ ಹೆಂಡ್ತಿ ಅನ್ನೋದಕ್ಕೂ ಇವರಿಗೆ ಎರಡು ಸಾಕ್ಷಿ ಬೇಕು" ಎಂದು ಅವಳು ನೆಂಟರೆದುರು ದೂರುತ್ತಾಳೆ.

ಇಂಥವನಿಗೆ ತಕ್ಕ ಕೆಲಸವೇ ಸಿಕ್ಕಿದೆ. ಕ್ಯಾನ್ಸರ್ ಬಂದವರ ಮನೆಗೆ ಹೋಗಿ ನೋವು ತಗ್ಗಿಸುವ ಸಣ್ಣ ಸಂಸ್ಥೆಯೊಂದರ ಲೆಕ್ಕಪತ್ರ ನೋಡುತ್ತೇನೆ. ಆಫೀಸು ಚನ್ನಗಿರಿಯಲ್ಲಿ. ಇಲ್ಲಿ, ಹೊನ್ನಾಳಿಯಲ್ಲಿ, ನ್ಯಾಮತಿಯಲ್ಲಿ, ಜಗಳೂರಿನಲ್ಲಿ ಒಂದೊಂದು ಕೇಂದ್ರ, ಕೇಂದ್ರಕ್ಕೊಬ್ಬ ಸಿಸ್ಟರ್, ಎರಡು ಬೀಗದ ಒಂದು ಕಪಾಟು. ಕಪಾಟಿನೊಳಗೆ ಮಾರ್ಫೀನ್ ಮಾತ್ರೆ. ಅದು ನೋವಿಗೆ ಮದ್ದೂ ಹೌದು, ಚಟಕ್ಕೆ ದಾರಿಯೂ ಹೌದು. ಹಾಗಾಗಿ ಮುಂದಿನ ವರ್ಷ ಎಷ್ಟು ಬೇಕಾದೀತೆಂದು ಈ ವರ್ಷವೇ ಅಂದಾಜು ಬರೆದುಕೊಡಬೇಕು. ನಮ್ಮ ಅಂಕಿ ರಾಜ್ಯದ ಅಂಕಿಗೆ ಸೇರಿ, ರಾಜ್ಯದ್ದು ದೇಶದ್ದಕ್ಕೆ ಸೇರಿ, ಕೊನೆಗೆ ಅದು ಹೊರದೇಶದ ಒಂದು ಮಂಡಳಿಯ ಮೇಜಿಗೆ ಹೋಗುತ್ತದೆಂದು ಕೇಳಿದ್ದೇನೆ. ಭಾರತಕ್ಕೆ ಎಷ್ಟು ನೋವಿದೆಯೆಂದು ಜಗತ್ತಿಗೆ ತಿಳಿಸುವವರಲ್ಲಿ ನಾನೂ ಒಬ್ಬ! ಆ ಗತ್ತಿಗಾಗಿಯೇ ಹಸಿರು ಶಾಯಿಯ ಪೆನ್ನು ಇಟ್ಟುಕೊಂಡೆ. ಗೆಜೆಟೆಡ್ ಅಧಿಕಾರಿಗಳ ಬಣ್ಣ ಅದು. ನನ್ನ ಹೆಸರು ಯಾವ ಗೆಜೆಟ್ಟಿನಲ್ಲೂ ಇಲ್ಲ.

ಸಿಸ್ಟರುಗಳು ಕಳಿಸುವ ಅಂಕಿಗಳೆಲ್ಲ ನನಗೆ ಆರೋಪಿಗಳಂತೆ ಕಾಣುತ್ತವೆ. ನ್ಯಾಮತಿಯಿಂದ ಬರುವುದು ಯಾವಾಗಲೂ ಸೊನ್ನೆಯಲ್ಲೇ ಮುಗಿಯುವ ಅಂಕಿ. ನೋವು ಅಷ್ಟು ದುಂಡಗೆ ಬರುತ್ತದೆಯೇ? ಚನ್ನಗಿರಿಯವರು ಹೋದ ವರ್ಷದ್ದನ್ನೇ ನಕಲು ಮಾಡುತ್ತಾರೆ, ಇಸವಿ ಸಮೇತ. ನಾನು ಹೇಗಿದ್ದರೂ ಕತ್ತರಿ ಹಾಕುತ್ತೇನೆಂದು ಹೊನ್ನಾಳಿಯ ಸಿಸ್ಟರ್ ಎರಡರಷ್ಟು ಬರೆಯುತ್ತಾರೆ. ಇದು ಗೊತ್ತಿದ್ದೂ ಅವರಿಗೆ ಪೂರ್ತಿ ಕತ್ತರಿ ಹಾಕಲು ನನಗೆ ಧೈರ್ಯವಿಲ್ಲ, ಅವರ ಬಾಯಿ ಜೋರು. ಜಗಳೂರಿನ ಓಬಮ್ಮ ಸಿಸ್ಟರ್ ಮಾತ್ರ ಮೆತ್ತಗಿನವರು. ಈ ವರ್ಷದ ಅಂದಾಜನ್ನು ಆಕೆ ತಾವಾಗಿಯೇ ಕಡಿಮೆ ಬರೆದರೆಂದು ನನ್ನ ನೆನಪು. ನಾನು ಫೋನ್ ಮಾಡಿದ್ದೆ, ಆಕೆ "ಆಯ್ತು ಸರ್, ಕಮ್ಮಿನೇ ಬರೀತೀನಿ" ಎಂದಿದ್ದರು. ಫೋನಿನ ಹಿನ್ನೆಲೆಯಲ್ಲಿ ಕುಕ್ಕರ್ ಮೂರು ಸಲ ಕೂಗಿದ್ದು ಕೂಡ ಕಿವಿಯಲ್ಲಿದೆ.

ಒಂದು ಸೋಮವಾರ ಓಬಮ್ಮನವರ ಫೋನು ಬಂತು. "ಸರ್, ಇನ್ನು ಒಂಬತ್ತು ದಿನಕ್ಕಾಗೋಷ್ಟು ಮಾತ್ರೆ ಐತೆ. ಹೊಸಾದು ಬರಾಕೆ ಒಂದೂವರೆ ತಿಂಗಳು ಐತಂತೆ. ತಿಪ್ಪೇಸ್ವಾಮಣ್ಣಗೆ ಏನ್ ಹೇಳ್ಲಿ?"

ನನಗೆ ಮೊದಲು ಕಾಣಿಸಿದ್ದು ತಿಪ್ಪೇಸ್ವಾಮಣ್ಣನೆಂಬ ರೋಗಿಯಲ್ಲ, ಕಪಾಟು. ಯಾರೋ ಕೈಯಾಡಿಸಿರಬೇಕು! ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ ಜಗಳೂರಿಗೆ ಹೋದೆ, ಎರಡೂ ಬೀಗ ತೆಗೆಸಿದೆ, ಮಾತ್ರೆಗಳನ್ನು ಎರಡು ಸಲ ಎಣಿಸಿದೆ. ರಿಜಿಸ್ಟರಿಗೆ ಒಂದೂ ವ್ಯತ್ಯಾಸವಿಲ್ಲ. ನಾಚಿಕೆಯಾಗಬೇಕಿತ್ತು, ಆದದ್ದು ನಿರಾಸೆ.

"ನೀವೇ ಅಲ್ಲವೇನ್ರೀ ಕಡಿಮೆ ಬರೆದದ್ದು? ಫೋನಿನಲ್ಲಿ ಹೇಳಿದಿರಲ್ಲ, ಕುಕ್ಕರ್ ಕೂಗ್ತಿತ್ತು."

"ನಮ್ಮನೇಲಿ ಕುಕ್ಕರೇ ಇಲ್ಲ ಸರ್," ಎಂದರು ಓಬಮ್ಮ. "ಅದು ನಿಮ್ಮನೇದಿರಬೇಕು. ದಿನಾ ನೋವಿರೋರ ಮುಖ ನೋಡಾಕೆ ಹೋಗೋಳು ನಾನು, ನಾನ್ಯಾಕೆ ಕಮ್ಮಿ ಬರೀಲಿ? ಬರ್ರಿ, ನೀವೂ ಒಂದ್ಸಲ ನೋಡ್ರಿ."

ತಿಪ್ಪೇಸ್ವಾಮಿ ನಿವೃತ್ತ ಬಸ್ ಕಂಡಕ್ಟರು. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ದಿಂಬಿಗೆ ಒರಗಿಕೊಂಡೇ ಕೈಮುಗಿದರು.

"ನೋವು ಹೆಂಗೈತಣ್ಣ, ಹತ್ತರಾಗೆ ಎಷ್ಟು?" ಎಂದು ಸಿಸ್ಟರ್ ಕೇಳಿದರು.

"ಮಾತ್ರೆ ನುಂಗಿದ್ರೆ ಮೊದಲನೇ ಸ್ಟಾಪು ಸಿಸ್ಟರಮ್ಮ, ಇಳ್ಕೊಂಡು ಬಿಡ್ತೀನಿ. ಇಲ್ಲಾಂದ್ರೆ ಸೀದಾ ದಾವಣಗೆರೆ, ನಿಂತ್ಕೊಂಡೇ." ಆಮೇಲೆ ನನ್ನ ಕಡೆ ತಿರುಗಿದರು. "ಮಾತ್ರೆ ಲೆಕ್ಕ ಹಾಕೋರು ನೀವೇನ್ ಸ್ವಾಮಿ? ಹೆಂಗ್ ಹಾಕ್ತೀರಿ?"

ಹೋದ ವರ್ಷ ಖರ್ಚಾದದ್ದು, ಅದರ ಮೇಲೆ ಹತ್ತು ಪರ್ಸೆಂಟ್ ಎಂದು ವಿವರಿಸಿದೆ. ವಿಶ್ವವಿದ್ಯಾಲಯದ ಭಾಷೆಯನ್ನೂ ಒಂದಿಷ್ಟು ಬೆರೆಸಿದೆ.

ಅವರು ನಗಲು ಹೋಗಿ ಬೆನ್ನು ಹಿಡಿದುಕೊಂಡರು. "ಹೋದ ವರ್ಷ ಎರಡು ತಿಂಗಳು ಕಪಾಟೇ ಖಾಲಿ ಇತ್ತಲ್ಲ ಸ್ವಾಮಿ. ಬಸ್ ಹತ್ತಿದೋರ ಟಿಕೆಟ್ ಎಣಿಸೀರಿ ನೀವು. ಬಸ್ಸೇ ಬರ್ದೆ ಸ್ಟ್ಯಾಂಡಿನಾಗೆ ನಿಂತಿದ್ರಲ್ಲ, ಅವರನ್ನ ಎಣಿಸೋರು ಯಾರು?"

ಹೊರಗೆ ಬಂದು ಹೊನ್ನಾಳಿಗೆ ಫೋನ್ ಮಾಡಿದೆ. ಯಾವ ಸಿಸ್ಟರನ್ನು ವರ್ಷವೆಲ್ಲ ಅನುಮಾನಿಸಿದ್ದೆನೋ ಅವರ ಕಪಾಟಿನಲ್ಲಿ ಮಾತ್ರೆ ಮಿಕ್ಕಿದ್ದವು. "ಎಷ್ಟು ಬೇಕ್ರೀ ಸರ್? ನೀವು ಕತ್ತರಿಸ್ತೀರಂತಲೇ ಜಾಸ್ತಿ ಬರ್ದಿದ್ದು, ಈಗ ನೀವೇ ಕೇಳಾಕೆ ಬಂದ್ರಾ?" ಎಂದು ನಕ್ಕರು. ಮಾತ್ರೆಗಳನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಸಾಗಿಸುವ ಅನುಮತಿಗಾಗಿ ನಾನು ಬರೆದ ಪತ್ರಗಳಲ್ಲಿ, ಜನ್ಮದಲ್ಲಿ ಮೊದಲ ಬಾರಿಗೆ, ಯಾರ ಮೇಲೂ ಅನುಮಾನವಿರಲಿಲ್ಲ. ಎಂಟನೆಯ ದಿನ ಮಾತ್ರೆಗಳು ಜಗಳೂರು ಮುಟ್ಟಿದವು. "ತಿಪ್ಪೇಸ್ವಾಮಣ್ಣ ರೈಟ್ ರೈಟ್ ಅಂದ್ರು ಸರ್" ಎಂದು ಓಬಮ್ಮ ತಿಳಿಸಿದರು.

ಅಷ್ಟಾದರೂ ನನ್ನ ಒಳಗಿನ ಅನುಮಾನ ಸುಮ್ಮನಿರಬೇಕಲ್ಲ? ಮಾತ್ರೆಯೇನೋ ತಲುಪಿತು, ಆದರೆ ಕಡಿಮೆ ಬರೆದದ್ದು ಓಬಮ್ಮನವರೇ ಎಂದು ಕುಕ್ಕರ್ ಇನ್ನೂ ಕಿವಿಯಲ್ಲಿ ಕೂಗುತ್ತಿತ್ತು. ಆಕೆಯನ್ನು ಒಮ್ಮೆ ಕಾಗದದ ಮೇಲೆಯೇ ಹಿಡಿದುಬಿಡೋಣವೆಂದು ಆಫೀಸಿನಲ್ಲಿ ಹಳೆಯ ಫೈಲು ತೆಗೆದೆ. ಬೆಳಕಿಗೆ ಹಿಡಿದು ನೋಡಿದೆ, ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದೆ. ಫೋನು, ಕುಕ್ಕರು, ಆಕೆಯ "ಆಯ್ತು ಸರ್", ಇವುಗಳಲ್ಲಿ ಯಾವುದು ನಡೆಯಿತೋ ಯಾವುದು ಇಲ್ಲವೋ ಇವತ್ತಿಗೂ ಹೇಳಲಾರೆ. ಪರೀಕ್ಷಿಸಿ ಖಚಿತ ಮಾಡಿಕೊಂಡದ್ದು ಒಂದೇ: ಓಬಮ್ಮ ಸಿಸ್ಟರ್ ನೀಲಿ ಶಾಯಿಯಲ್ಲಿ ಬರೆದಿದ್ದ ಅಂಕಿ ಸರಿಯಾಗಿಯೇ ಇತ್ತು, ಅದರ ಮೇಲೆ ಎಳೆದ ಗೆರೆ ಹಸಿರು.