ಝರಾದ ಬಾಗಿಲಲ್ಲಿ ಪಾದೋದಕ

ಬೀದರಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ನಂಬಿಕೆ ಆ ಗುರುವಾರ ಬೆಳಿಗ್ಗೆಯವರೆಗೆ ನನ್ನಲ್ಲಿ ಗಟ್ಟಿಯಾಗಿತ್ತು. ನಮ್ಮ ಮೊಗುಡಂಪಲ್ಲಿಯಿಂದ ಬೀದರು ಎಷ್ಟು ದೂರ? ರಾಜ್ಯ ಬೇರೆ ಮಾಡಿದವರು ಊರನ್ನೇನೂ ದೂರ ಸರಿಸಲಿಲ್ಲ. ನಾವು ಆಂಧ್ರದವರಾದೆವು, ಬೀದರು ಮೈಸೂರಿನ ಪಾಲಾಯಿತು, ಬಸ್ಸು ಮಾತ್ರ ಮೊದಲಿನಂತೆಯೇ ಹೋಗಿ ಬರುತ್ತಿತ್ತು. ನಾನು ವರ್ಷಕ್ಕೆ ನಾಲ್ಕು ಸಲವಾದರೂ ಹೋಗುತ್ತಿದ್ದೆ. ಬಸ್ ನಿಲ್ದಾಣದಿಂದ ಬೀಜದ ಅಂಗಡಿಗೆ, ಬೀಜದ ಅಂಗಡಿಯಿಂದ ಮರಳಿ ಬಸ್ ನಿಲ್ದಾಣಕ್ಕೆ. ಇಷ್ಟನ್ನು ಕಣ್ಣಾರೆ ನೋಡಿದ ಮನುಷ್ಯ ಉಳಿದ ಊರನ್ನು ಸುಲಭವಾಗಿ ಊಹಿಸಬಹುದು ಎಂಬುದು ನನ್ನ ಅಭಿಪ್ರಾಯವಾಗಿತ್ತು.

ಹೊಲಮನೆಯ ಜೊತೆಗೆ ಊರಿನ ಅಂಚೆಯ ಕೆಲಸವೂ ನನ್ನದೇ. ದಿನಕ್ಕೆರಡು ತಾಸು ಪಡಸಾಲೆಯಲ್ಲಿ ಕೂತು ಕಾಗದಗಳಿಗೆ ಮುದ್ರೆ ಹೊಡೆಯುತ್ತಿದ್ದೆ. ಹೀಗಾಗಿ ಊರವರ ಬಾಯಲ್ಲಿ ನಾನು ‘ಪೋಸ್ಟ್ ಮಾಸ್ತರ’. ಕಾಗದ ಓದಿಸಲು ಬಂದವರು ಕಾಗದದ ಜೊತೆಗೊಂದು ಸಲಹೆಯನ್ನೂ ಕೇಳುತ್ತಿದ್ದರು. ಕೇಳದವರಿಗೂ ನಾನು ಕೊಡುತ್ತಿದ್ದೆ. ನನ್ನ ಹೆಂಡತಿ ಕಾಶಮ್ಮನ ಪ್ರಕಾರ ನಮ್ಮ ಮಗಳು ಸುಭದ್ರೆಯ ಎರಡು ಸಂಬಂಧಗಳು ಮುರಿದು ಬಿದ್ದದ್ದು ಇದೇ ಕಾರಣಕ್ಕೆ. ರಾಯಿಕೋಡದವರ ಮನೆಗೆ ಹೋದಾಗ ಅವರ ಬಾವಿ ತಪ್ಪು ಮೂಲೆಯಲ್ಲಿದೆ ಎಂದು ನಾನು ತಿಳಿಸಿದ್ದೆ. ತಾಂಡೂರಿನವರ ಮನೆಯಲ್ಲಿ ಹುಡುಗನ ಅಜ್ಜ ತಮ್ಮ ಮದುವೆಯ ಕಥೆ ಹೇಳುತ್ತಿದ್ದರು, ಅದನ್ನು ನಡುನಡುವೆ ತಿದ್ದಿದ್ದೆ. ನಾನೇನು ಆ ಮದುವೆಗೆ ಹೋದವನಲ್ಲ. ಆದರೂ ತಪ್ಪು ತಪ್ಪೇ ಅಲ್ಲವೆ?

ಮೂರನೆಯ ಸಂಬಂಧ ಮನೂರಿನದು. ಹುಡುಗ ನಾರಾಯಣಖೇಡದಲ್ಲಿ ಶಾಲೆಯ ಮಾಸ್ತರ. ನೋಡಲು ಬಂದಾಗ, ಮದುವೆಯಾದ ಮೇಲೆಯೂ ಮೆಟ್ರಿಕ್ ಪರೀಕ್ಷೆಗೆ ಕೂತುಕೋ ಎಂದು ಸುಭದ್ರೆಗೆ ಹೇಳಿ ಹೋಗಿದ್ದ. ಅಂದಿನಿಂದ ನಮ್ಮ ಹುಡುಗಿ ರೊಟ್ಟಿ ಬಡಿಯುವಾಗ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ಅದನ್ನು ಕೇಳಿದಾಗೆಲ್ಲ ನನಗೆ ಹಿಗ್ಗೂ ಆಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು. ಉಳಿದದ್ದು ಹುಡುಗನ ತಂದೆ ಮಾಣಿಕಪ್ಪನವರ ಒಂದು ‘ಹೂಂ’ ಮಾತ್ರ. ಅವರು ಕಡಿಮೆ ಮಾತಿನ ಮನುಷ್ಯ. ಮನೆತನವನ್ನು ಇನ್ನಷ್ಟು ತಿಳಿದುಕೊಂಡು ಹೇಳುತ್ತೇನೆ ಎಂದಿದ್ದರು.

ನಮ್ಮ ಮನೆತನವನ್ನು ತಿಳಿಸಲು ನನಗಿಂತ ಯೋಗ್ಯರು ಯಾರು? ನಾನೇ ಕಾಗದ ಬರೆದೆ. ಬೀದರಿನ ಝರಾ, ಅಂದರೆ ಸರ್ದಾರ್ಜಿಗಳ ಗುರುದ್ವಾರ, ಬಹಳ ಹಳೆಯ ಪವಿತ್ರ ಸ್ಥಳವೆಂದೂ, ನನಗೆ ಅದರ ಇಂಚಿಂಚೂ ಗೊತ್ತೆಂದೂ, ತಾವು ಬಂದರೆ ಖುದ್ದಾಗಿ ದರ್ಶನ ಮಾಡಿಸುವೆನೆಂದೂ, ಅಲ್ಲಿಯೇ ಶುಭಕಾರ್ಯದ ಮಾತಾಡಬಹುದೆಂದೂ ಎರಡು ಪುಟ ಬರೆದಿದ್ದೆ. ಅವರಿಂದ ಒಂದು ಕಾರ್ಡು ಬಂತು. ಅದರಲ್ಲಿ ‘ಗುರುವಾರ ಬರುತ್ತೇನೆ’ ಎಂದಷ್ಟೇ ಇತ್ತು.

ಹೊರಡುವ ದಿನ ಸುಭದ್ರೆ ನನ್ನ ಜೋಡು ತಂದಿಟ್ಟು ನಿಂತಳು. “ಅಪ್ಪಾ, ನೀ ಹೋಗಲೇಬೇಕೇನು?” ಎಂದಳು.

“ನಾ ಹೋಗದ ಮತ್ಯಾರು ಹೋಗಬೇಕು?” ಎಂದೆ.

ಬಸ್ಸಿನಲ್ಲಿ ಕಾಶಮ್ಮ ನನಗೆ ನಿಯಮಾವಳಿ ಓದಿದಳು. “ನೋಡ್ರಿ, ಇದು ಮೂರನೇದ್ದು. ಹುಡುಗಿ ಮನಸ್ಸು ಕೊಟ್ಟಾಳ. ನೀವು ಹೂಂ ಅನ್ರಿ, ಇಲ್ಲಾಂದ್ರ ಸುಮ್ಮ ಇರ್ರಿ. ನಡುವ ಏನೂ ಹೇಳಾಕ ಹೋಗಬ್ಯಾಡ್ರಿ.”

“ನಾ ಏನ್ ಹೇಳ್ತೀನಿ? ಜಾಗಾ ತೋರಸ್ತೀನಿ, ಅಷ್ಟೇ.”

“ನೀವು ಯಾವಾಗ ನೋಡೀರಿ ಆ ಜಾಗಾ?”

ಹೆಂಗಸರಿಗೆ ಎಲ್ಲದಕ್ಕೂ ಸಾಕ್ಷಿ ಬೇಕು.

ಮಾಣಿಕಪ್ಪನವರು ನಿಲ್ದಾಣದಲ್ಲಿ ಆಗಲೇ ಬಂದು ನಿಂತಿದ್ದರು. ಬಿಳಿ ಧೋತರ, ತಲೆಗೆ ಅಚ್ಚುಕಟ್ಟಾಗಿ ಸುತ್ತಿದ ರುಮಾಲು. ಟಾಂಗಾದಲ್ಲಿ ಮೂವರೂ ಕೂತೆವು. ಟಾಂಗಾ ಹತ್ತಿದ್ದೇ ನನ್ನ ಬಾಯಿ ತೆರೆಯಿತು. ಕೋಟೆ ಎಲ್ಲಿದೆ, ಚೌಬಾರದ ಗೋಪುರ ಎಲ್ಲಿದೆ, ಝರಾದ ನೀರು ಹೇಗೆ ಬಂತು ಎಂದೆಲ್ಲ ವಿವರಿಸಿದೆ. “ಅಲ್ಲಿ ಒಬ್ಬ ದೊಡ್ಡ ಗುರುಗಳು ಬಂದಿದ್ರಂತ ನೋಡ್ರಿ. ಕುಡ್ಯಾಕ ಸಿಹಿನೀರಿಲ್ಲಂತ ಮಂದಿ ಅತ್ತುಕೊಂಡ್ರು. ಗುರುಗಳು ಪಾದದಿಂದ ಬಂಡಿಗಲ್ಲು ಸರಿಸಿದ್ರು, ನೀರು ಚಿಮ್ಮಿ ಬಂತು. ಇವತ್ತಿಗೂ ಬರ್ತದ.” ಮಾಣಿಕಪ್ಪನವರು ಹೂಂ ಎಂದರು. ಅದು ನಮಗೆ ಬೇಕಾದ ‘ಹೂಂ’ ಅಲ್ಲದಿದ್ದರೂ ಆರಂಭ ಚೆನ್ನಾಗಿದೆ ಎನ್ನಿಸಿತು.

ಗುರುದ್ವಾರದ ಬಾಗಿಲಲ್ಲಿ ಜೋಡು ಬಿಟ್ಟೆವು. ನಮ್ಮಲ್ಲಿ ಮಠಕ್ಕೆ ಹೋದರೆ ಅಯ್ಯನವರಿಗೆ ಅಡ್ಡಬೀಳುವ ಮೊದಲು ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುವುದು ಪದ್ಧತಿ. ನಾನು ಪಟಕ್ಕನೆ ನನ್ನದನ್ನು ಬಿಚ್ಚಿದೆ. “ನೀವೂ ತೆಗೀರಿ. ಗುರುವಿನ ಮುಂದ ತಲಿಮ್ಯಾಲ ಇಟ್ಟುಕೊಂಡು ಹೋಗಬಾರದು.”

ಮಾಣಿಕಪ್ಪನವರು ನಿಧಾನವಾಗಿ ಹೇಳಿದರು. “ಇಲ್ಲಿ ತಲಿ ಮುಚ್ಚಬೇಕು ಅಂತಾರಲ್ರೀ, ಮಾಸ್ತರ?”

“ಏ, ಅದು ಸರ್ದಾರ್ಜಿಗಳಿಗ್ರಿ. ಅವರು ಹೆಂಗೂ ಬಿಚ್ಚಂಗಿಲ್ಲ. ನಮ್ಮಂಥವರಿಗೆ ಬ್ಯಾರೆ ರಿವಾಜ ಅದ.” ಈ ‘ಬ್ಯಾರೆ ರಿವಾಜ’ ಆ ಕ್ಷಣದಲ್ಲಿಯೇ ಹುಟ್ಟಿದ್ದು. ಅವರು ಒಮ್ಮೆ ಕಾಶಮ್ಮನ ಕಡೆ ನೋಡಿ, ರುಮಾಲು ತೆಗೆದು ಕೈಯಲ್ಲಿ ಹಿಡಿದರು.

ಮುಂದೆ ಹತ್ತು ಹೆಜ್ಜೆಯಲ್ಲಿ ಬಾಗಿಲಿಗೆ ಅಡ್ಡವಾಗಿ ಒಂದು ಕಿರುಕಾಲುವೆ. ಅದರಲ್ಲಿ ತಿಳಿಯಾದ ನೀರು ಹರಿಯುತ್ತಿತ್ತು. ಜನ ಒಬ್ಬೊಬ್ಬರೇ ಅದರಲ್ಲಿ ಕಾಲಿಟ್ಟು ಒಳಗೆ ಹೋಗುತ್ತಿದ್ದರು. ನನ್ನ ತಲೆಯಲ್ಲಿ ಬೆಳಕು ಬಿತ್ತು. ಪಾದದಿಂದ ಬಂದ ನೀರು! ನಮ್ಮ ಮನೆಗೆ ಅಯ್ಯನವರು ಬಂದರೆ ಪಾದ ತೊಳೆದ ನೀರನ್ನು ಅಂಗೈಯಲ್ಲಿ ಹಿಡಿದು ಮೂರು ಸಲ ಕುಡಿಯುತ್ತೇವೆ, ಉಳಿದದ್ದನ್ನು ತಲೆಗೆ ಸವರಿಕೊಳ್ಳುತ್ತೇವೆ. ಪಾದೋದಕಕ್ಕಿಂತ ದೊಡ್ಡ ತೀರ್ಥ ನಮಗೆ ಬೇರೊಂದಿಲ್ಲ. ಇಂಥ ಗುರುವಿನ ಪಾದೋದಕ ಬಾಗಿಲಲ್ಲೇ ಹರಿಯುತ್ತಿರುವಾಗ, ತಿಳಿಯದ ಜನ ಅದನ್ನು ತುಳಿದುಕೊಂಡು ಹೋಗುತ್ತಿದ್ದಾರಲ್ಲ ಎಂದು ಮರುಕವಾಯಿತು.

ನಾನು ಮಂಡಿಯೂರಿ ಕೂತೆ. ಮೂರು ಸಲ ಕುಡಿದೆ. ಕಣ್ಣು ಮುಚ್ಚಿ ತಲೆಗೆ ಸವರಿಕೊಂಡೆ. ಬಳಿಕ ಮಾಣಿಕಪ್ಪನವರ ಅಂಗೈಗೂ ಕಾಶಮ್ಮನ ಅಂಗೈಗೂ ಹಾಕಿದೆ. ಮನೆಗೆ ಒಯ್ಯಲು ಕಾಶಮ್ಮ ತಂದಿದ್ದ ಹಿತ್ತಾಳೆಯ ತಂಬಿಗೆಯನ್ನು ಕಂಠದವರೆಗೆ ತುಂಬಿಸಿದೆ. ನಮ್ಮ ಹಿಂದೆ ಜನ ನಿಂತುಬಿಟ್ಟಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಭಕ್ತಿ ನೋಡಿ ಬೆರಗಾಗಿದ್ದಾರೆ ಎಂದುಕೊಂಡೆ.

ಒಳಗಿನಿಂದ ಬಿಳಿ ಗಡ್ಡದ ಒಬ್ಬ ಸರ್ದಾರ್ಜಿ ಲಗುಬಗೆಯಿಂದ ಬಂದರು. ಸಿಟ್ಟಿನ ಸುಳಿವಿರಲಿಲ್ಲ. “ಬಾಬೂಜಿ, ಸಿರ್ ಢಕ್ ಲೀಜಿಯೆ” ಎಂದು ನನ್ನ ಬೋಳುತಲೆಯ ಮೇಲೆ ತಾವೇ ಒಂದು ಕೇಸರಿ ವಸ್ತ್ರ ಕಟ್ಟಿದರು. ಅಷ್ಟರಲ್ಲಿ ಮಾಣಿಕಪ್ಪನವರು ತಮ್ಮ ರುಮಾಲನ್ನು ಸುತ್ತಿಕೊಂಡಾಗಿತ್ತು. ಇಷ್ಟು ಬೇಗ ಹೇಗೆ ಸುತ್ತಿದರೋ ತಿಳಿಯಲಿಲ್ಲ. ಅವರು ಸದ್ದಿಲ್ಲದೆ ಕಾಲುವೆಯಲ್ಲಿ ಕಾಲು ತೊಳೆದುಕೊಂಡು ಒಳಗೆ ನಡೆದರು. ಕಾಲು ತೊಳೆದುಕೊಂಡು! ನನಗೆ ಸಣ್ಣದೊಂದು ಸಂಶಯ ಬಂತು. ಅದನ್ನು ಅಲ್ಲಿಯೇ ಅದುಮಿದೆ.

ದರ್ಶನವಾಯಿತು. ಬಿಸಿ ಬಿಸಿ ಶಿರಾ ಪ್ರಸಾದ ಸಿಕ್ಕಿತು. ಆಮೇಲೆ ಸರ್ದಾರ್ಜಿ ನಮ್ಮನ್ನು ಒಂದು ಬಂಡೆಯ ಬುಡಕ್ಕೆ ಕರೆದೊಯ್ದರು. ಅಲ್ಲಿ ಬಂಡೆಯ ಸಂದಿಯಿಂದ ನೀರು ಒಸರಿ ಸಣ್ಣ ಕುಂಡದಲ್ಲಿ ತುಂಬುತ್ತಿತ್ತು. ಇದೇ ಝರಾ ಎಂದರು. ನನ್ನ ಕೈಯ ತಂಬಿಗೆ ನೋಡಿ, ಇದರಲ್ಲಿ ಏನಿದೆ ಎಂದು ಕೇಳಿದರು. ನಾನು ಬಾಗಿಲ ಕಡೆ ಕೈ ತೋರಿಸಿದೆ. ಅವರ ಗಡ್ಡ ಅಲುಗಿತು. ನಗು ತಡೆಯುತ್ತಿದ್ದಾರೆಂದು ಆಮೇಲೆ ತಿಳಿಯಿತು. ತಂಬಿಗೆ ಇಸಿದುಕೊಂಡು ನೀರನ್ನು ಒಂದು ಗಿಡದ ಬುಡಕ್ಕೆ ಚೆಲ್ಲಿದರು, ತಂಬಿಗೆಯನ್ನು ಬೂದಿ ಹಾಕಿ ತಿಕ್ಕಿ ತೊಳೆದರು, ಕುಂಡದ ನೀರು ತುಂಬಿ ನನ್ನ ಕೈಗಿಟ್ಟರು. ಪಾದೋದಕವೇನೋ ಖರೆ. ಆದರೆ ಗುರುವಿನದಲ್ಲ. ಅಂದು ಬೆಳಗಿನಿಂದ ಬಂದುಹೋದ ಸಕಲ ಜನರದು.

ಮಾಣಿಕಪ್ಪನವರು ಸರ್ದಾರ್ಜಿಯ ಜೊತೆ ಸರಾಗವಾಗಿ ಉರ್ದು ಮಾತಾಡತೊಡಗಿದರು. ನಾನು ಬಾಯಿ ತೆರೆದು ನೋಡುತ್ತಿದ್ದೆ.

“ನಾ ಹುಡುಗಿದ್ದಾಗ ಬೀದರದಾಗೇ ಸಾಲಿ ಕಲ್ತೀನ್ರಿ” ಎಂದು ನನ್ನ ಕಡೆ ತಿರುಗಿ ಹೇಳಿದರು. “ಆರು ವರ್ಷ. ಐತವಾರಕ್ಕೊಮ್ಮಿ ಉಣ್ಣಾಕ ಇಲ್ಲಿಗೇ ಬರ್ತಿದ್ದೆ.”

“ಮತ್ತ ಮೊದಲೇ ಹೇಳಬೇಕಿತ್ತಲ್ರಿ?”

“ತಲಿ ಮುಚ್ಚಬೇಕು ಅಂತ ಹೇಳಿದೆನಲ್ರಿ. ನೀವು ಕೇಳಲಿಲ್ಲ.”

“ಮತ್ತ ಆ ನೀರು?”

“ಮೀಸಿಗಿ ಮುಟ್ಟಿಸಿದಂಗ ಮಾಡಿ ಬಿಟ್ಟೆ.”

ನಾನು ಕಾಶಮ್ಮನ ಕಡೆ ನೋಡಿದೆ. “ಸೆರಗಿಗಿ ವರಸ್ಕೊಂಡೆ” ಎಂದಳು. ಒಟ್ಟಿನಲ್ಲಿ ಕುಡಿದವನು ನಾನೊಬ್ಬನೇ.

ನನ್ನ ಜೀವ ಹಿಡಿಯಷ್ಟಾಯಿತು. ಕುಡಿದದ್ದಕ್ಕಲ್ಲ. ಬೀಗರಾಗಬೇಕಾದವರಿಗೆ ಊರ ಜನರ ಕಾಲುನೀರು ಕುಡಿಸಲು ಹೋದವನ ಮನೆಯಿಂದ ಯಾರು ಹೆಣ್ಣು ತಂದಾರು? ಮನೆಯಲ್ಲಿ ಸುಭದ್ರೆ ದಾರಿ ಕಾಯುತ್ತಿರುತ್ತಾಳೆ. ಅವಳ ಮುಖವೇ ಕಣ್ಣ ಮುಂದೆ ಬಂತು. ಕೆಟ್ಟದ್ದನ್ನು ಸರಿಪಡಿಸಲು ಉಳಿದದ್ದು ಒಂದೇ ದಾರಿ. ಊಟದಲ್ಲಿ ಮಾಣಿಕಪ್ಪನವರಿಗೆ ಭರ್ಜರಿ ಉಪಚಾರ ಮಾಡಬೇಕು.

ಊಟದ ಮನೆಯಲ್ಲಿ ಎಲ್ಲರೂ ಸಾಲಾಗಿ ನೆಲದ ಮೇಲೆ ಕೂತಿದ್ದರು. ಸಾಹುಕಾರನೂ ಅಲ್ಲೇ, ಕೂಲಿಯವನೂ ಅಲ್ಲೇ. ರೋಟಿ, ಬೇಳೆ ಬಂತು. ಮಾಣಿಕಪ್ಪನವರು ಎರಡು ರೋಟಿ ಉಂಡು, ಬೇಳೆಯ ಬಕೀಟು ಹಿಡಿದು ಬಂದವನಿಗೆ ಸಾಕೆಂದು ಕೈ ಮುಗಿದರು. ಅವನು ಮುಂದೆ ಹೋಗಿಯೇ ಬಿಟ್ಟ. ನನಗೆ ಎದೆ ಒಡೆದಂತಾಯಿತು. ನಮ್ಮ ಕಡೆ ಬೀಗರು ಸಾಕೆಂದರೆ ಅದು ಊಟದ ಆರಂಭ. ಅವರು ಎಲೆಯ ಮೇಲೆ ಅಡ್ಡಗೈ ಹಿಡಿಯಬೇಕು, ನಾವು ಕೈ ಸರಿಸಿ ಬಡಿಸಬೇಕು, ಅವರು ಬೈಯಬೇಕು, ನಾವು ಮತ್ತೆ ಬಡಿಸಬೇಕು. ಇಲ್ಲವಾದರೆ ಉಪಚಾರ ಮಾಡಲಿಲ್ಲವೆಂದು ಮೂರು ತಲೆಮಾರು ಆಡಿಕೊಳ್ಳುತ್ತಾರೆ.

ನಾನು ಧಡಕ್ಕನೆ ಎದ್ದೆ. ಬಡಿಸುವವನ ಕೈಯಿಂದ ಬಕೀಟು ಇಸಿದುಕೊಂಡೆ. “ಇನ್ನೊಂದು ಸೌಟು, ನನ್ನ ಆಣಿ ಅದ ನಿಮಗ” ಎಂದು ಮಾಣಿಕಪ್ಪನವರ ತಟ್ಟೆಯ ಮೇಲೆ ಬಾಗಿದೆ.

“ಸಾಕ್ರಿ ಮಾಸ್ತರ. ಖರೇನೇ ಸಾಕ್ರಿ.”

“ಹಂಗ ಅನಬ್ಯಾಡ್ರಿ” ಎಂದು ಹಾಕಿದೆ. ಅವರು ತಟ್ಟೆ ಸರಿಸಿದರು. ಬೇಳೆ ಬಿಳಿ ಧೋತರದ ಮೇಲೆ ಬಿತ್ತು.

ಅವರು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಎದ್ದು ನಲ್ಲಿಯ ಕಡೆ ನಡೆದರು, ಅವರ ಹಿಂದೆ ಕಾಶಮ್ಮ ಓಡಿದಳು. ನಾನೂ ಓಡಬೇಕೆಂದು ಬಕೀಟು ಕೆಳಗಿಡಲು ನೋಡಿದರೆ, ತೆಗೆದುಕೊಳ್ಳಬೇಕಾದವನು ಕಾಣೆ. ಅದೇ ಬಿಳಿ ಗಡ್ಡದ ಸರ್ದಾರ್ಜಿ ಬಂದು ಬೆನ್ನು ತಟ್ಟಿ, “ಸೇವಾ ಕರ್ ರಹೇ ಹೋ? ಬಹುತ್ ಅಚ್ಛಾ” ಎಂದರು. ಅಲ್ಲಿ ಯಾರು ಬೇಕಾದರೂ ಬಡಿಸುವ ಸೇವೆ ಮಾಡಬಹುದಂತೆ. ಬಕೀಟು ಹಿಡಿದವನು ಸೇವೆಗೆ ನಿಂತ ಎಂದೇ ಲೆಕ್ಕ. ಎದುರಿನ ಸಾಲಿನವರು ಆಗಲೇ ತಟ್ಟೆ ಮುಂದೆ ಮಾಡಿದ್ದರು. ದೇವರ ಮನೆಯಲ್ಲಿ ಹಸಿದವರಿಗೆ ಇಲ್ಲ ಎನ್ನುವುದು ಹೇಗೆ?

ಒಂದು ಸಾಲು ಮುಗಿಸಿದೆ. ಉಂಡವರು ಎದ್ದರು. ಇನ್ನೊಂದು ಸಾಲು ಕೂತಿತು. ನಾಂದೇಡದಿಂದ ಎರಡು ಬಸ್ಸು ಯಾತ್ರಿಕರು ಅದೇ ಹೊತ್ತಿಗೆ ಬಂದಿಳಿದಿದ್ದರು. ಎಲ್ಲರಿಗೂ ಒಳ್ಳೆಯ ಹಸಿವೆ. ನನ್ನ ಬಕೀಟು ಬರಿದಾದ ಕೂಡಲೇ ಯಾರೋ ತುಂಬಿದ ಇನ್ನೊಂದನ್ನು ಕೈಗಿಡುತ್ತಿದ್ದರು. ಕಿಟಕಿಯಾಚೆ ಬೇವಿನ ಮರದ ನೆರಳಲ್ಲಿ ಮಾಣಿಕಪ್ಪನವರೂ ಕಾಶಮ್ಮನೂ ಕೂತು ಮಾತಾಡುವುದು ಕಾಣುತ್ತಿತ್ತು. ಅಲ್ಲಿ ನನ್ನ ಮಗಳ ಬದುಕಿನ ತೀರ್ಮಾನ ನಡೆದಿದೆ, ಇಲ್ಲಿ ನಾನು ಗುರುತಿಲ್ಲದವರಿಗೆ ಬೇಳೆ ಹಾಕುತ್ತಿದ್ದೇನೆ. ಹೋಗಿ ಒಂದೆರಡು ಮಾತು ಸೇರಿಸಿದರೆ ಎಲ್ಲ ಸರಿಹೋದೀತು ಎಂದು ಬಾಯಿ ತುರಿಸುತ್ತಿತ್ತು. ಆರು ಸಾಲು ಬಡಿಸುವವರೆಗೆ ಬಿಡುವು ಸಿಗಲಿಲ್ಲ.

ಕೊನೆಗೂ ಸೊಂಟ ಹಿಡಿದುಕೊಂಡು ಹೊರಗೆ ಬಂದಾಗ ಅವರಿಬ್ಬರೂ ಹೊರಟು ನಿಂತಿದ್ದರು. ಟಾಂಗಾ ಹಿಡಿದು ನಿಲ್ದಾಣಕ್ಕೆ ಬಂದೆವು. ನಾರಾಯಣಖೇಡದ ಬಸ್ಸು ಹತ್ತುವಾಗ ಮಾಣಿಕಪ್ಪನವರು ಮೆಟ್ಟಿಲ ಮೇಲೆ ತಿರುಗಿ ನಿಂತರು.

“ಮಾಸ್ತರ, ಉಗಾದಿ ಆದ ಮ್ಯಾಲ ಒಂದು ಚಲೋ ದಿನ ನೋಡ್ರಿ. ಮದುವಿ ಮಾಡಿಬಿಡೋಣ.”

ಬಸ್ಸು ಹೋಯಿತು. ನನಗೆ ಕಣ್ಣು ತುಂಬಿ ಬಂತು. ಮನೆಗೆ ಹೋಗಿ ಸುಭದ್ರೆಗೆ ಹೇಳುವುದನ್ನು ನೆನೆದೇ ಖುಷಿಯಾಯಿತು. ನಮ್ಮ ಬಸ್ಸಿನಲ್ಲಿ ಕೂತು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಬೆನ್ನು ನೇರವಾಯಿತು. “ನೋಡಿದೇನ?” ಎಂದೆ. “ನಾ ಆರು ಸಾಲು ಬಡಿಸಿದ್ದು ನೋಡಿ ಮೆಚ್ಯಾರ.”

“ಅವ್ರು ಆ ಕಡಿ ನೋಡೇ ಇಲ್ಲ” ಎಂದಳು ಕಾಶಮ್ಮ. “ಒಂದೇ ಮಾತು ಕೇಳಿದ್ರು. ಹುಡುಗಿ ತಾಯಿಯಂಗ ಅದಾಳೋ, ತಂದಿಯಂಗ ಅದಾಳೋ ಅಂದ್ರು.”

“ನೀ ಏನಂದಿ?”

“ದೇವರ ಜಾಗಾದಾಗ ಸುಳ್ಳು ಹೇಳಾಕ ಬರ್ತದೇನ್ರಿ? ನನ್ನಂಗೇ ಅದಾಳ ಅಂದೆ.”

“ಅಷ್ಟಕ್ಕ ಒಪ್ಪಿದ್ರಾ?”

“ಇಲ್ರಿ. ತಂದಿ ಕಡೀದು ಏನರ ಬಂದದೇನು ಅಂತ ಮತ್ತೊಮ್ಮಿ ಕೇಳಿದ್ರು. ಮೂಗು ಬಂದದ ಅಂದೆ. ಸ್ವಲ್ಪ ಹೊತ್ತು ವಿಚಾರ ಮಾಡಿದ್ರು. ಮೂಗಿನಿಂದ ಏನೂ ತ್ರಾಸಿಲ್ಲ ಬಿಡ್ರಿ ಅಂತ ಹೂಂ ಅಂದ್ರು.”

ನಾನು ಮೂಗು ಮುಟ್ಟಿ ನೋಡಿಕೊಂಡೆ. ನಮ್ಮ ಮನೆತನದ ಕಡೆಯಿಂದ ಪರೀಕ್ಷೆಯಲ್ಲಿ ಪಾಸಾದದ್ದು ಅದೊಂದೇ.