ರೇಸಿನ ಹಿಂಬಾಗಿಲಲ್ಲಿ ತೊಡದೇವು

ಹೆಸರುವಾಸಿಯಾದ ಯಾವ ಸ್ಥಳವನ್ನೂ ಹಿಂಬಾಗಿಲಿನಿಂದ ನೋಡಲು ಹೋಗಬಾರದು ಎಂಬುದು ಈಗ ನನ್ನ ಖಚಿತವಾದ ಅಭಿಪ್ರಾಯ. ಯಕ್ಷಗಾನದ ಆಟ ನೋಡಲು ಹೋದವನು ರಂಗಸ್ಥಳದ ಎದುರು ಕಂಬಳಿ ಹಾಸಿಕೊಂಡು ಕೂತರೆ ಸುಖ. ಎದ್ದು ಹೋಗಿ ವೇಷ ಕಟ್ಟುವ ಚೌಕಿಗೆ ಇಣುಕಿದರೆ, ಈಗಷ್ಟೇ ಅಳುತ್ತ ಕಾಡಿಗೆ ಹೋದ ರಾಣಿ ಸೀರೆಯನ್ನು ಮೊಣಕಾಲಿನ ಮೇಲಕ್ಕೆತ್ತಿಕೊಂಡು ಬೀಡಿ ಸೇದುತ್ತಿರುವುದು ಕಾಣುತ್ತದೆ. ಆಮೇಲೆ ಆ ರಾಣಿಗಾಗಿ ಕಣ್ಣೀರು ಬರುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನು ಮುಂಬಯಿಯ ಕುದುರೆ ರೇಸಿನ ಮೈದಾನವನ್ನು ಹಿಂಬಾಗಿಲಿನಿಂದ ನೋಡಿ ಬಂದೆ. ಬಂದು ಬಹಳ ದಿನವಾದರೂ ಎದೆಯೊಳಗೆ ಏನೋ ಒಂದು ಸರಿಯಾಗಿ ಕೂತಿಲ್ಲ. ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳಿಬಿಟ್ಟರೆ ಕೂತೀತೇನೋ ಎಂದು ಬರೆಯುತ್ತಿದ್ದೇನೆ.

ನಾನು ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ತೂಕ ಮಾಡುವವನು. ನನ್ನ ಕೆಲಸವೆಂದರೆ ಚೀಲವನ್ನು ತಕ್ಕಡಿಗೆ ಏರಿಸುವುದು, ಇಳಿಸುವುದು, ಮುಳ್ಳು ನಿಂತ ಮೇಲೆ ಗಟ್ಟಿಯಾಗಿ ಕೂಗುವುದು. ಮಣ, ಶೇರು, ರತಲು ಎಲ್ಲ ಹೋಗಿ ಇನ್ನು ಮುಂದೆ ಕಿಲೋ ಬರುತ್ತದಂತೆ ಎಂದು ವಖಾರಿಯಲ್ಲಿ ಎಲ್ಲರೂ ಗಾಬರಿಯಾಗಿದ್ದ ಕಾಲ ಅದು. ಅದಕ್ಕೂ ಸ್ವಲ್ಪ ಮೊದಲು ನಾವೇ ಮುಂಬಯಿ ಸರಕಾರದಿಂದ ಮೈಸೂರು ಸರಕಾರಕ್ಕೆ ವರ್ಗವಾಗಿದ್ದೆವು. ಕೂತಲ್ಲಿಂದ ಏಳದೆಯೇ ಬೇರೆ ರಾಜ್ಯ ಸೇರಿದ್ದರಿಂದ, ಹಳೆಯ ರಾಜಧಾನಿಯನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು ಎಂಬ ಆಸೆ ನನಗೆ ಹುಟ್ಟಿತ್ತು. ಅಷ್ಟರಲ್ಲಿ ಅಲ್ಲಿರುವ ಗಣಪತಿಗೆ ಮಗ ಹುಟ್ಟಿದ. ಗಣಪತಿ ಎಂದರೆ ಇಡಗುಂದಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ. ಮುಂಬಯಿಗೆ ಹೋದವನು ರೇಸಿನ ಕುದುರೆಗಳ ಲಾಯದಲ್ಲಿ ಮೇವಿನ ಉಸ್ತುವಾರಿ ನೋಡಿಕೊಂಡಿದ್ದಾನೆ. ಬಾಣಂತಿಗೆಂದು ನನ್ನ ಹೆಂಡತಿ ಭಾಗೀರಥಿ ಒಂದು ತಗಡಿನ ಡಬ್ಬಿಯ ತುಂಬ ತೊಡದೇವು ಮಾಡಿಕೊಂಡಳು. ಬೋರಲು ಹಾಕಿದ ಕಾದ ಗಡಿಗೆಯ ಬೆನ್ನಿಗೆ ಕಬ್ಬಿನ ಹಾಲು ಸೇರಿಸಿದ ಅಕ್ಕಿ ಹಿಟ್ಟನ್ನು ಬಳಿದು, ಸಿಪ್ಪೆಯಂತೆ ಬಿಡಿಸಿ ತೆಗೆಯುವ ತಿಂಡಿ ಅದು. ಎಷ್ಟು ತೆಳು ಎಂದರೆ ಅದರ ಮೂಲಕ ಕಿಟಕಿ ಕಾಣುತ್ತದೆ.

ಭಾಗೀರಥಿಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು. ನಮ್ಮ ಕಡೆ ಊಟಕ್ಕೆ ಕೂತವನು ಮೊದಲು ಬೇಡ ಎನ್ನಬೇಕು, ಬಡಿಸುವವರು ಒತ್ತಾಯ ಮಾಡಬೇಕು; ಎರಡೂ ಮರ್ಯಾದೆಯೇ. ಆದರೆ ಭಾಗೀರಥಿ ಬಡಿಸುವ ಪಂಕ್ತಿಯಿಂದ ಸ್ವಂತ ಇಚ್ಛೆಯಿಂದ ಎದ್ದವರು ಯಾರೂ ಇಲ್ಲ. ಎಲೆಯ ಮೇಲೆ ಅಡ್ಡ ಹಿಡಿದ ಕೈಯ ಬೆರಳ ಸಂದಿನಲ್ಲೇ ಪಾಯಸ ಇಳಿಸಬಲ್ಲಳು. ಮನ್ಮನೆಯಲ್ಲಿರುವ ನನ್ನ ಭಾವನಿಗೆ ಒಮ್ಮೆ ಡಾಕ್ಟರು ಸಿಹಿ ಬಿಡಿಸಿದ್ದರು. ಆತ ನಮ್ಮ ಮನೆಗೆ ಬಂದಾಗ ಅದನ್ನು ಹೇಳಿಯೂ ಹೇಳಿದ. ಭಾಗೀರಥಿ, ಪಾಪ, ಡಾಕ್ಟರು ಇವತ್ತು ಊರಲ್ಲಿಲ್ಲವಲ್ಲ ಎಂದು ಸಮಾಧಾನ ಹೇಳಿ ಎರಡು ಹೋಳಿಗೆ ಹಾಕಿದಳು. ಭಾವ ತಿಂದು, ಊರಿಗೆ ಹೋಗುವ ಬಸ್ಸನ್ನು ಬಿಟ್ಟು, ನಮ್ಮ ಜಗುಲಿಯಲ್ಲಿ ಸಂಜೆಯವರೆಗೆ ಮಲಗಿದ್ದ.

ನಾವು ಮುಂಬಯಿ ತಲುಪಿದ ಮೇಲೆ, ರೇಸು ಇದ್ದ ದಿನ ಬೆಳಿಗ್ಗೆ ಗಣಪತಿ ನಮ್ಮನ್ನು ಲಾಯಕ್ಕೆ ಕರೆದುಕೊಂಡು ಹೋದ. ಮಧ್ಯಾಹ್ನದ ರೇಸು ಮುಗಿಯುವವರೆಗೂ ಅಲ್ಲೇ ಇರುವುದೆಂದು ಭಾಗೀರಥಿ ಬುತ್ತಿ ಕಟ್ಟಿಕೊಂಡಿದ್ದಳು. ತೊಡದೇವಿನ ಡಬ್ಬಿಯಲ್ಲಿ ಅರ್ಧ ಉಳಿದಿತ್ತು, ಅದನ್ನೂ ಹಿಡಿದುಕೊಂಡಳು. ಗಣಪತಿ ಬಾಗಿಲಲ್ಲೇ ನಿಲ್ಲಿಸಿ ಎಚ್ಚರಿಕೆ ಕೊಟ್ಟ. ಕುದುರೆಗೆ ಏನನ್ನೂ ಕೊಡಕೂಡದು, ಒಂದು ಹುಲ್ಲುಕಡ್ಡಿಯನ್ನೂ ಕೂಡ. ಕೊಟ್ಟದ್ದು ತಿಳಿದರೆ ತನ್ನ ಕೆಲಸ ಹೋಗುತ್ತದೆ. ಭಾಗೀರಥಿ ಡಬ್ಬಿಯನ್ನು ಸೆರಗಿನೊಳಗೆ ಸೇರಿಸಿ ಆಗಲಿ ಎಂದಳು. ಹೇಳಿದ ಮಾತನ್ನು ಅವಳು ಚಾಚೂ ತಪ್ಪದೆ ನಡೆಸಿದಳು ಎಂಬುದಕ್ಕೆ ನಾನೇ ಸಾಕ್ಷಿ. ಗಣಪತಿ ಕುದುರೆಯ ವಿಷಯ ಮಾತ್ರ ಹೇಳಿದ್ದ. ಮನುಷ್ಯರ ವಿಷಯ ಹೇಳಿರಲಿಲ್ಲ.

ಒಳಗೆ ಮೊದಲು ಕಂಡದ್ದು ಪಂಖ. ನಮ್ಮ ವಖಾರಿಯ ಮಾಲಕರ ತಲೆಯ ಮೇಲೂ ಇಲ್ಲದ ವಿದ್ಯುತ್ ಪಂಖ ಒಂದು ಕುದುರೆಯ ತಲೆಯ ಮೇಲೆ ತಿರುಗುತ್ತಿತ್ತು. ಪಕ್ಕದ ಕೋಣೆಯ ಕುದುರೆಗೆ ಒಬ್ಬನೇ ಇದ್ದರೆ ಬೇಸರವಂತೆ, ಅದರ ಜೊತೆಗೆಂದು ಒಂದು ಆಡನ್ನು ಸಾಕಿದ್ದರು. ಆಡಿಗೆ ಬೇರೆ ಯಾವ ಕೆಲಸವೂ ಇರಲಿಲ್ಲ. ಇನ್ನೊಂದು ಕುದುರೆ ನಾಲ್ಕು ಕಾಲಿಗೂ ಬಟ್ಟೆ ಸುತ್ತಿಸಿಕೊಂಡು, ಬೇಯಿಸಿದ ಬಾರ್ಲಿಯನ್ನು ಮೂಸಿ, ಬಿಸಿ ಹೆಚ್ಚಾಯಿತೆಂದು ಮುಖ ತಿರುಗಿಸಿತು. ಆಳು ಅದನ್ನು ಬೀಸಣಿಗೆಯಿಂದ ಆರಿಸತೊಡಗಿದ. ನಾನು ಇವನ್ನೆಲ್ಲ ನೋಡುತ್ತ ಬೆರಗಾಗಿ ನಿಂತಿದ್ದೆ. ಅದು ಬೆರಗು ಅಷ್ಟೇ. ದಿಗಿಲಾಗುವುದು ಇನ್ನೂ ಬಾಕಿಯಿತ್ತು.

ಲಾಯದ ಕೊನೆಯಲ್ಲಿ ಬೆಂಚಿನ ಮೇಲೆ ಒಬ್ಬ ಕೂತಿದ್ದ. ಮುಖ ನೋಡಿದರೆ ಮೂವತ್ತು ವರ್ಷ, ಮೈ ನೋಡಿದರೆ ಮೂರನೆಯ ಇಯತ್ತೆಯ ಹುಡುಗ. ಕೆನ್ನೆ ಒಳಗೆ ಹೋಗಿತ್ತು. ಕೈಯಲ್ಲಿ ಒಂದು ಲಿಂಬೆ ಹೋಳು ಹಿಡಿದು ಆಗಾಗ ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಿದ್ದ. ಅವನೇ ಇವತ್ತಿನ ಸವಾರ, ಹೆಸರು ಯಲ್ಲಪ್ಪ, ನಮ್ಮ ಬನವಾಸಿ ಕಡೆಯವನು ಎಂದು ಗಣಪತಿ ತಿಳಿಸಿದ. ಅಪ್ಪ ಜಟಕಾ ಹೊಡೆಯುತ್ತಿದ್ದನಂತೆ. ಹೋದ ಮಳೆಗಾಲದಲ್ಲಿ ಕುದುರೆಯಿಂದ ಬಿದ್ದು ಹೆಗಲಿನ ಎಲುಬು ಮುರಿದುಕೊಂಡ ಮೇಲೆ ಅವನಿಗೆ ಸಿಕ್ಕಿರುವುದು ಇದೇ ಮೊದಲ ಸವಾರಿ. ಇದು ತಪ್ಪಿದರೆ ಕುದುರೆಯ ಧಣಿ ಇನ್ನೊಬ್ಬನನ್ನು ಗೊತ್ತು ಮಾಡಿಕೊಳ್ಳುತ್ತಾನೆ. ಯಲ್ಲಪ್ಪ ಮತ್ತೆ ಬೇರೆಯವರ ಕುದುರೆಗೆ ಲಗಾಮು ಹಿಡಿದು ನಡೆಸುವ ಆಳಾಗುತ್ತಾನೆ.

ಗಣಪತಿ ಇನ್ನೊಂದು ಸಂಗತಿ ಹೇಳಿದ. ಇಲ್ಲಿ ಪ್ರತಿಯೊಂದು ಕುದುರೆಯೂ ಇಷ್ಟೇ ಭಾರ ಹೊರಬೇಕು ಎಂದು ಮೊದಲೇ ಗೊತ್ತು ಮಾಡಿರುತ್ತಾರೆ. ಚೆನ್ನಾಗಿ ಗೆಲ್ಲುವ ಕುದುರೆಗೆ ಹೆಚ್ಚು ಭಾರ, ಸೋಲುವುದಕ್ಕೆ ಕಡಿಮೆ. ಇದು ನನಗೆ ಚೆನ್ನಾಗಿ ಅರ್ಥವಾಯಿತು, ನಮ್ಮ ವಖಾರಿಯಲ್ಲೂ ನೆಟ್ಟಗೆ ಕೆಲಸ ಮಾಡುವವನಿಗೇ ಇನ್ನಷ್ಟು ಕೆಲಸ ಹೇರುತ್ತಾರೆ. ಯಲ್ಲಪ್ಪನ ಕುದುರೆ ಇಲ್ಲಿಯವರೆಗೆ ಅಷ್ಟೇನೂ ಗೆದ್ದದ್ದಲ್ಲ. ಹಾಗಾಗಿ ಅದಕ್ಕೆ ಬಹಳ ಹಗುರ ಭಾರ. ಆ ಹಗುರಕ್ಕೆ ಹೊಂದಲು ಯಲ್ಲಪ್ಪ ಮೊನ್ನೆಯಿಂದ ಊಟ ಮಾಡಿಲ್ಲ, ನಿನ್ನೆಯಿಂದ ನೀರನ್ನೂ ಕುಡಿದಿಲ್ಲ. ರೇಸಿಗೆ ಮೊದಲು ಜೀನು ಹಿಡಿದುಕೊಂಡು ತಕ್ಕಡಿ ಏರಬೇಕು. ರೇಸು ಮುಗಿದ ಮೇಲೆ ಮತ್ತೆ ಏರಬೇಕು. ಇಷ್ಟು ಹೇಳಿ ಗಣಪತಿ ಯಾರೋ ಕರೆದರೆಂದು ಮೇವಿನ ಕೋಣೆಗೆ ಹೋದ.

ನಾನು ಇಷ್ಟು ವರ್ಷ ತೂಗಿದ್ದು ಚೀಲಗಳನ್ನು. ಮನುಷ್ಯನನ್ನು ತೂಕಕ್ಕೆ ಹೊಂದಿಸುವುದಕ್ಕಾಗಿ ಒಣಗಿಸುತ್ತಾರೆ ಎಂಬುದನ್ನು ಅರಗಿಸಿಕೊಳ್ಳುತ್ತ ನಿಂತಿದ್ದೆ. ಭಾಗೀರಥಿಗೆ ಆ ವಿವರದಲ್ಲಿ ಕೇಳಿಸಿದ್ದು ಎರಡೇ: ನಮ್ಮ ತಾಲೂಕಿನವನು, ಊಟ ಮಾಡಿಲ್ಲ. ಡಬ್ಬಿ ಸೆರಗಿನಿಂದ ಹೊರಗೆ ಬಂತು.

"ತಗ ತಮ್ಮಾ."

"ಬ್ಯಾಡ್ರಿ ಅಕ್ಕಾರ. ತಕ್ಕಡಿ ಏರೂದೈತ್ರಿ."

"ಇದೆಂತ ತೂಗ್ತು? ಕಾಗದದಷ್ಟು ತೆಳ್ಳಗಿದ್ದು. ತಿಂದ್ರೆ ತಿಂದ ಹಾಂಗೂ ಇಲ್ಲೆ."

ಯಲ್ಲಪ್ಪ ಬೇಡ ಎಂದದ್ದು ನಿಜವಾದ ಬೇಡ. ಆದರೆ ನಮ್ಮ ಕಡೆ ಬೇಡ ಎನ್ನುವುದರಲ್ಲಿ ನಿಜವಾದದ್ದು ಒಂದು ಇದೆ ಎಂದು ಭಾಗೀರಥಿಗೆ ಗೊತ್ತೇ ಇರಲಿಲ್ಲ. ಅವನ ತೊಡೆಯ ಮೇಲೆ ಒಂದನ್ನು ಇಟ್ಟಳು. ಅವನು ಅದನ್ನು ಎತ್ತಿ ವಾಪಸು ಕೊಡಲು ಹೋದ. ಅಷ್ಟರಲ್ಲಿ ಮೂಗಿಗೆ ಬೆಲ್ಲದ ವಾಸನೆ ಬಂದಿರಬೇಕು. ಕೈ ಅರ್ಧ ದಾರಿಯಲ್ಲಿ ನಿಂತಿತು. ಅವನ ಮುಖವನ್ನು ನಾನು ಸರಿಯಾಗಿ ನೋಡಿದ್ದೇನೆ. ಅದು ತಿಂಡಿ ಕಂಡ ಮುಖವಲ್ಲ, ಮನೆ ಕಂಡ ಮುಖ. ಮೊದಲನೆಯದು ಬಾಯಿಯಲ್ಲಿ ಕರಗಿತು. ಆಮೇಲೆ ಅವನು ಬೇಡ ಎನ್ನಲಿಲ್ಲ, ಭಾಗೀರಥಿಯೂ ಕೇಳಲಿಲ್ಲ. ಒಂದರ ಮೇಲೊಂದು ಹೋದವು. ಸಿಹಿ ತಿಂದ ಮೇಲೆ ಬಾಯಾರಿಕೆ. ಅವನು ಗಂಟಲು ಹಿಡಿದುಕೊಂಡಾಗ ಭಾಗೀರಥಿ ನನ್ನ ಕಡೆ ನೋಡಿದಳು. ಬೆಲ್ಲ ತಿಂದವನಿಗೆ ನೀರು ಕೊಡದಿರುವುದು ನಮ್ಮ ಜನ್ಮದಲ್ಲಿಲ್ಲ. ನಾನೇ ಕೂಜೆಯಿಂದ ಒಂದು ಚೊಂಬು ತುಂಬಿಸಿ ಕೊಟ್ಟೆ. ಕುಡಿದು ಮುಗಿಸಿದ ಮೇಲೆ, ಸಾಲದೆಂದು, ಇನ್ನೂ ಅರ್ಧ ಚೊಂಬು. ತೊಡದೇವಿಗೆ ತೂಕವಿಲ್ಲದೆ ಇರಬಹುದು. ನೀರಿಗೆ ಎಷ್ಟು ತೂಕವೆಂದು ನಾನು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಆ ಹೊತ್ತಿಗೆ ಮಾತ್ರ ನನಗೆ ಹೊಳೆಯಲಿಲ್ಲ.

ಗಣಪತಿ ವಾಪಸು ಬಂದು ಬರಿದಾದಂತಿದ್ದ ಡಬ್ಬಿಯನ್ನೂ ಖಾಲಿ ಚೊಂಬನ್ನೂ ನೋಡಿದ.

"ಅತ್ತಿಗೆ, ಎಂತ ಕೊಟ್ಟೆ ಅವಂಗೆ?"

"ಕುದ್ರೆಗೆ ಎಂತೂ ಕೊಡ್ಲಿಲ್ಲೆ," ಎಂದಳು ಭಾಗೀರಥಿ.

ಡಬ್ಬಿ ಪೂರ್ತಿ ಖಾಲಿಯಾಗಿರಲಿಲ್ಲ, ತಳದಲ್ಲಿ ಒಂದೇ ಒಂದು ಉಳಿದಿತ್ತು. ಯಲ್ಲಪ್ಪನನ್ನು ಪರೀಕ್ಷೆಯ ತಕ್ಕಡಿಯ ಮೇಲೆ ನಿಲ್ಲಿಸಿದರು. ಮುಳ್ಳು ನಿಂತಿತು. ಎರಡು ಪೌಂಡು ಹೆಚ್ಚು. ಟೋಪಿ ಹಾಕಿದ್ದ ತರಬೇತುಗಾರ ಬಂದು ಮುಳ್ಳನ್ನೂ ಯಲ್ಲಪ್ಪನನ್ನೂ ನೋಡಿದ. ಬೈದಿದ್ದರೆ ನಮಗೆ ಎಷ್ಟೋ ವಾಸಿಯಿತ್ತು. ಕರೆಯುವ ಹೊತ್ತಿಗೆ ಇಳಿದಿದ್ದರೆ ಸರಿ, ಇಲ್ಲವಾದರೆ ಇನ್ನೊಬ್ಬ ಏರುತ್ತಾನೆ ಎಂದಷ್ಟೇ ಹಿಂದಿಯಲ್ಲಿ ಹೇಳಿ ಹೋದ. ಆ ಇನ್ನೊಬ್ಬ ಆಗಲೇ ಬೂಟು ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದ.

ಆಮೇಲೆ ಕಂಡದ್ದನ್ನು ಹೇಳಲು ನನಗೆ ಈಗಲೂ ಕಷ್ಟ. ಯಲ್ಲಪ್ಪನ ಮೈಗೆ ಎರಡು ಉಣ್ಣೆಯ ಅಂಗಿ ತೊಡಿಸಿ, ಮೇಲೆ ಕುದುರೆಯ ಕಂಬಳಿ ಸುತ್ತಿ, ಹಗ್ಗದಿಂದ ಬಿಗಿದರು. ಆ ಮಧ್ಯಾಹ್ನದ ಬಿಸಿಲಿನಲ್ಲಿ ಅವನು ಲಾಯದ ಅಂಗಳವನ್ನು ಸುತ್ತುತ್ತ ಓಡತೊಡಗಿದ. ಪಂಖದ ಕೆಳಗಿದ್ದ ಕುದುರೆ ಕತ್ತು ಹೊರಗೆ ಹಾಕಿ ಅವನು ಓಡುವುದನ್ನು ನೋಡುತ್ತಿತ್ತು. ಮುಂಬಯಿಯ ರೇಸಿನಲ್ಲಿ ಓಡುವುದು ಯಾರು, ನೋಡುವುದು ಯಾರು ಎಂಬುದರಲ್ಲೇ ನನಗೆ ಗೊಂದಲವಾಯಿತು. ಪ್ರತಿ ಸುತ್ತಿನಲ್ಲೂ ಅವನು ನಮ್ಮೆದುರು ಹಾದುಹೋಗುತ್ತಿದ್ದ. ಒಂದು ಸಲವಾದರೂ ನಮ್ಮ ಕಡೆ ಸಿಟ್ಟಿನಿಂದ ನೋಡಲಿಲ್ಲ. ಭಾಗೀರಥಿ ಬುತ್ತಿಯ ಗಂಟನ್ನು ಬಿಚ್ಚಲಿಲ್ಲ, ನೀರು ಮುಟ್ಟಲಿಲ್ಲ. ಕಲ್ಲು ಕಂಬಕ್ಕೆ ಬೆನ್ನು ಕೊಟ್ಟು ಕೂತು, ಅವನ ಹಿಂದೆಯೇ ಕಣ್ಣನ್ನು ಓಡಿಸುತ್ತಿದ್ದಳು.

ಕಂಬಳಿ ಬಿಚ್ಚಿದಾಗ ಒಳಗಿದ್ದ ಯಲ್ಲಪ್ಪ ಇನ್ನಷ್ಟು ಕುಗ್ಗಿಹೋಗಿದ್ದ. ತಕ್ಕಡಿ ಏರಿದ. ಕೂದಲೆಳೆಯಷ್ಟು ಹೆಚ್ಚು. ಅವನು ಇಳಿದು ಬಾಯಿಯಲ್ಲಿದ್ದ ಎಂಜಲನ್ನೂ ಉಗಿದು, ಒಳಗಿನ ಬನಿಯನ್ ಕಳಚಿ, ಮತ್ತೆ ಏರಿದ. ಮುಳ್ಳು ಆ ಕಡೆ ಈ ಕಡೆ ಆಡುವಾಗ ನಾನು ಉಸಿರು ಬಿಡಲಿಲ್ಲ; ಬಿಟ್ಟರೆ ಅದರ ಭಾರವೂ ಅವನ ಮೇಲೆ ಬಿದ್ದೀತೆಂಬ ಹೆದರಿಕೆ. ಎಷ್ಟು ಸಾವಿರ ಚೀಲಗಳಿಗೆ ಈ ಮುಳ್ಳನ್ನು ಕಾದಿದ್ದೇನೋ, ಒಂದು ಸಲವೂ ದೇವರನ್ನು ನೆನೆದಿರಲಿಲ್ಲ. ಮುಳ್ಳು ನಿಂತಿತು, ಸರಿಯಾಗಿ ಬೇಕಾದ ಗೆರೆಯ ಮೇಲೆ. ಗೋಡೆಗೆ ಒರಗಿದ್ದವನು ಬೂಟಿನ ದಾರ ಬಿಚ್ಚಿದ.

ರೇಸನ್ನು ನಾವು ನೋಡಲಿಲ್ಲ, ಕೇಳಿದೆವು. ಲಾಯದ ಹಿಂದೆ ಕೂತಿದ್ದ ನಮಗೆ ಗೋಡೆಯಾಚೆಯಿಂದ ಸಮುದ್ರ ಎದ್ದು ಬಂದಂಥ ಸದ್ದು ಕೇಳಿಸಿತು, ಆಮೇಲೆ ಇಳಿಯಿತು, ಅಷ್ಟೇ. ಯಲ್ಲಪ್ಪನ ಕುದುರೆ ಮೂರನೆಯದಾಗಿ ಬಂತೆಂದು ಗಣಪತಿ ಓಡಿಬಂದು ಹೇಳಿದ. ಧಣಿ ಅಷ್ಟನ್ನೂ ನಿರೀಕ್ಷಿಸಿರಲಿಲ್ಲವಂತೆ, ಬರುವ ಶನಿವಾರವೂ ಯಲ್ಲಪ್ಪನೇ ಏರಲಿ ಎಂದನಂತೆ. ಭಾಗೀರಥಿ ಅಷ್ಟು ಕೇಳಿದ್ದೇ ಚೊಂಬಿಗೆ ಕೈ ಹಾಕಿದಳು. ಎರಡನೆಯ ತೂಕ ಇನ್ನೂ ಆಗಿರಲಿಲ್ಲ. ನಾನು ಅವಳ ಮುಂಗೈ ಹಿಡಿದುಕೊಂಡೆ. ತೂಕವಾಯಿತೆಂದು ಒಳಗಿನಿಂದ ಕೂಗಿದ ಮೇಲೆಯೇ ಬಿಟ್ಟೆ.

ಯಲ್ಲಪ್ಪ ಬಂದ. ಮುಖ ಬೂದಿಯಾಗಿತ್ತು, ಆದರೆ ಕಣ್ಣು ನಗುತ್ತಿತ್ತು. ಚೊಂಬಿನ ನೀರನ್ನು ಗುಟುಕು ಗುಟುಕಾಗಿ ಕುಡಿದು ಮುಗಿಸಿ, ಬೆಂಚಿನ ಮೇಲೆ ಕೂತು, ಎರಡೂ ಕೈ ಒಡ್ಡಿದ.

"ಈಗ ಹಾಕ್ರಿ ಅಕ್ಕಾರ."

ಭಾಗೀರಥಿ ಡಬ್ಬಿ ತೆರೆದು ಉಳಿದಿದ್ದ ಒಂದನ್ನು ಕೈಗೆತ್ತಿಕೊಂಡಳು. ಕೊಡಲಿಲ್ಲ. ಅವಳ ಕೈ ತಿಂಡಿ ಹಿಡಿದು ತಡೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಶನಿವಾರಕ್ಕೆ ಎಷ್ಟು ತೂಕ ಇರಬೇಕು ಎಂದು ಕೇಳಿದಳು. ಇದೇ ತೂಕ ಎಂದ ಯಲ್ಲಪ್ಪ. ಅವಳು ತೊಡದೇವನ್ನು ನಡುವೆ ಮುರಿದು, ಅರ್ಧವನ್ನು ಮಾತ್ರ ಅವನ ಕೈಯಲ್ಲಿಟ್ಟಳು. ಅವನು ಆ ಅರ್ಧವನ್ನು ನೋಡಿ, ಅವಳನ್ನು ನೋಡಿ, "ಅಕ್ಕಾರ, ನೀವೂ ನಮ್ಮ ಟೋಪಿ ಸಾಹೇಬ್ರಂಗ ಆಗಿಬಿಟ್ರಿ" ಎಂದ. ಭಾಗೀರಥಿ ನಗಲು ಹೋಗಿ ಅತ್ತಳು.

ಉಳಿದ ಅರ್ಧವನ್ನು ನನ್ನ ಕಡೆ ಚಾಚಿ, "ಬೇಕಾ?" ಎಂದಳು. ಬೆಳಗಿನಿಂದ ನನ್ನ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಆದರೂ ಕೇಳಿದ ತಕ್ಷಣ ಬಾಯಿ ತನ್ನಷ್ಟಕ್ಕೆ ತಾನೇ ಬೇಡ ಎಂದಿತು. ಅವಳು ತಲೆಯಾಡಿಸಿ ಅದನ್ನು ಡಬ್ಬಿಯೊಳಗಿಟ್ಟು ಮುಚ್ಚಿಬಿಟ್ಟಳು.

ಶಿರಸಿಗೆ ವಾಪಸು ಬಂದ ಮೇಲೂ ಹೀಗೆಯೇ ನಡೆದಿದೆ. ಭಾಗೀರಥಿ ಒಂದು ಸಲ ಬಡಿಸುತ್ತಾಳೆ, ಒಂದೇ ಸಲ ಕೇಳುತ್ತಾಳೆ. ಬೇಡ ಎಂದರೆ ನಂಬುತ್ತಾಳೆ. ನೆಂಟರೆಲ್ಲ ಈಗ ನಮ್ಮ ಮನೆಗೆ ಧೈರ್ಯದಿಂದ ಊಟಕ್ಕೆ ಬರುತ್ತಾರೆ. ಮನ್ಮನೆಯ ಭಾವನಂತೂ ನಿನ್ನ ಹೆಂಡತಿಗೆ ಮುಂಬಯಿಯ ಗಾಳಿ ಒಳ್ಳೆಯದು ಮಾಡಿತು ಎಂದು ಹೊಗಳಿ, ಬಸ್ಸು ತಪ್ಪಿಸಿಕೊಳ್ಳದೆ ಊರಿಗೆ ಹೋದ. ನಾನು ದಿನಾ ಬೇಡ ಎಂದು ಕೈ ಅಡ್ಡ ಹಿಡಿಯುತ್ತೇನೆ, ಹುಳಿಯ ಪಾತ್ರೆ ನನ್ನೆದುರಿನಿಂದ ನೆಟ್ಟಗೆ ಮುಂದೆ ಹೋಗುತ್ತದೆ, ನಾನು ಅರ್ಧ ಹೊಟ್ಟೆಯಲ್ಲಿ ಎದ್ದು ಕೈ ತೊಳೆಯುತ್ತೇನೆ. ಬೇಕು ಎಂದು ಒಂದು ಮಾತು ಹೇಳಿದರೆ ಮುಗಿಯಿತು, ನಿಜ. ಆದರೆ ಹುಟ್ಟಿದಂದಿನಿಂದ ಬೇಡ ಎನ್ನುತ್ತಲೇ ಹೊಟ್ಟೆ ತುಂಬಿಸಿಕೊಂಡು ಬಂದವನಿಗೆ, ಆ ಇನ್ನೊಂದು ಮಾತು ಈ ವಯಸ್ಸಿನಲ್ಲಿ ಬಾಯಿಗೆ ಬರುತ್ತಿಲ್ಲ.